ಹುಳಿ ಗೊಂಚಲು

ಮಾತಾಡಿಸದೆ ಬಿಟ್ಟರೆ ದ್ರಾಕ್ಷಿ ಸಿಹಿಯಾಗುವುದಿಲ್ಲ. ಹಾಗಾಗಿ ತಿಕೋಟಾದ ತೋಟಗಳಲ್ಲಿ ಸಾಲಿಗೊಬ್ಬರು ಮಾತಿನಾಳು. ಹಡಗು ಹತ್ತುವ ಹಣ್ಣಿನ ಜೊತೆ ನೀಲಗಂಗವ್ವ ದಿನವಿಡೀ ಹರಟುತ್ತಿದ್ದಳು. ಮನೆಯಲ್ಲಿ ಅವಳನ್ನು ಮಾತಾಡಿಸುವವರಿರಲಿಲ್ಲ. ಆಳುಗಳು ತಮ್ಮತಮ್ಮಲ್ಲೇ ಮಾತಾಡಿದರೆ ಹಣ್ಣು ಹುಳಿಯಾಗುತ್ತದೆಂದು ಮೇಸ್ತ್ರಿ ಅದಕ್ಕೂ ಬಿಡುತ್ತಿರಲಿಲ್ಲ.

ಒಂದು ದಿನ, ಹಕ್ಕಿ ಬಾರದಂತೆ ಕಟ್ಟಿದ ಬಲೆಯಾಚೆಯ ಸಾಲಿಗೆ ಹೊಸದಾಗಿ ಬಂದವಳು ಮೈಮರೆತು ಕೇಳಿಬಿಟ್ಟಳು, "ಅಕ್ಕಾ, ಊಟಾ ಆತೇನ?"

ನೀಲಗಂಗವ್ವನ ಬಾಯಿಂದಲೂ ಜಾರಿತು, "ಆತವಾ. ನಿಂದು?"

ಸಂಜೆ ಮೇಸ್ತ್ರಿ ಬಲೆ ಪಕ್ಕದ ಗೊಂಚಲಿನಿಂದ ಒಂದು ಹಣ್ಣು ಬಾಯಿಗೆ ಹಾಕಿ ಮುಖ ಕಿವುಚಿದ. "ಇದು ಪರದೇಶಕ್ಕ ನಡ್ಯಾಂಗಿಲ್ಲ," ಎಂದು ಗೊಂಚಲು ಕಿತ್ತೆಸೆದ. ಹೊಸಬಳನ್ನು ಅವತ್ತೇ ದೂರದ ತೋಟಕ್ಕೆ ಕಳಿಸಿದ.

ನೀಲಗಂಗವ್ವ ಆ ಗೊಂಚಲನ್ನು ಸೆರಗಿನಲ್ಲಿ ಮನೆಗೆ ತಂದು, ಊಟದ ತಾಟಿನ ಪಕ್ಕ ಇಟ್ಟುಕೊಂಡು ಕೂತಳು. ಹಲ್ಲು ಜುಮ್ಮೆನ್ನುವಷ್ಟು ಹುಳಿ. ಒಂದೊಂದೇ ಹಣ್ಣು ಬಾಯಿಗಿಡುತ್ತ, ಒಂದೊಂದಕ್ಕೂ "ಆತವಾ, ನಿಂದು?" ಎಂದಳು.