ಗಂಜಿ ಹಾಕಿದ ನೂಲು

ಈಗಲೂ ಅನ್ನ ಬಸಿದ ಗಂಜಿಯ ವಾಸನೆ ಬಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನ ಒಂದು ಮಧ್ಯಾಹ್ನ ತೇಲಿ ಬರುತ್ತದೆ.

ಉಡುಪಿಯಿಂದ ಮಗ್ಗದ ಸಮೇತ ಬಂದಿದ್ದ ಅಜ್ಜಿ, ಸೀರೆಯ ಉದ್ದೆಳೆಗಳಾದ ಹಾಸುನೂಲಿಗೆ ಗಂಜಿ ಹಾಕಿ ಗ್ಯಾಲರಿಯುದ್ದಕ್ಕೂ ಕಟ್ಟಿದ್ದರು. ನಾನು ಅದರಡಿ ಅಂಗಾತ ಮಲಗಿದ್ದೆ. ನೂಲಿನ ಜುಂಗು ಮಳೆಯ ನಡುವೆ ಬಿದ್ದ ಬಿಸಿಲಿಗೆ ಹೊಗೆಯಂತೆ ಮಿನುಗುತ್ತಿತ್ತು. ಮಳೆಗಾಲದ ತೇವಕ್ಕೆ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಳಿಗ್ಗೆಯಷ್ಟೇ ಅಜ್ಜಿಯೊಂದಿಗೆ ಜಗಳವಾಡಿ ಮಾತು ಬಿಟ್ಟಿದ್ದ ಅಮ್ಮ ಬಿಡಿಸಲು ಬಂದು, ಒಂದೆಳೆಯನ್ನು ರಪ್ಪನೆ ಎಳೆದಳು. ಅದು ತುಂಡಾಯಿತು.

“ಎಳೀಬೇಡ ಮಾರಾಯ್ತಿ, ಮೆಲ್ಲ ಬಿಡಿಸು,” ಎಂದ ಅಜ್ಜಿ, ಎಳೆ ಅಂಟದಂತೆ ಅಮ್ಮನ ಬೆರಳುಗಳಿಗೆ ತಾವೇ ತೆಂಗಿನೆಣ್ಣೆ ಹಚ್ಚಿದರು.

ಇಬ್ಬರೂ ಎರಡು ತುದಿಗಳಿಂದ ಬಿಡಿಸುತ್ತ ಬಿಡಿಸುತ್ತ ನಡುವೆ, ನನ್ನ ಮುಖದ ನೇರಕ್ಕೇ ಸೇರಿದರು.

“ಚಾ ಇಡ್ಲಾ ಅತ್ತೆ?” ಅಮ್ಮ ಕೇಳಿದಳು.

“ಇಡು. ತುಂಡಾದದ್ದಕ್ಕೆ ನಾನು ಗಂಟು ಹಾಕ್ತೇನೆ,” ಎಂದರು ಅಜ್ಜಿ.