ನಲವತ್ತೆರಡು ಅಡಿಯ ಮನೆ

"ಓವನ್ ಅಂತೆ! ನಲವತ್ತೆರಡು ಅಡಿ ಗಾಡಿ ಮುಂದೆ ನಿಂತ್ಕೊಂಡು ಇಂಜಿನ್ ಕೇಳೋದು ಬಿಟ್ಟು ಓವನ್ ಚೆನ್ನಾಗಿ ಕಾಯುತ್ತಾ ಅಂತಾನೆ ಈ ಯಪ್ಪ! ಯಜಮಾನ್ರೆ, ನಿಮಗೆ ಬೇಕಾಗಿರೋದು ಗಾಡಿ ಅಲ್ಲ, ಏಪ್ರನ್ನು!"

ಗಾಡಿಯ ಮಾಲೀಕ ಗಾರ್ತ್ ಕೂಗಿದ್ದೇ ತಡ, ಮಡಚುವ ಕುರ್ಚಿಗಳಲ್ಲಿ ಕಾಲು ಚಾಚಿ ಕಾಫಿ ಹೀರುತ್ತಿದ್ದ ನೆರೆಯ ಹದಿನಾಲ್ಕು ಮಂದಿ ಒಟ್ಟಿಗೆ ನಕ್ಕರು. ಆರ್ಲೊ ಪ್ರುಯೆಟ್‌ನ ಕಿವಿ ಕೆಂಪಾಯಿತು. ಮೊಂಟಾನಾದ ಹಿಮ ಬಿಟ್ಟು ಅರಿಜೋನಾದ ಮರಳುಗಾಡಿನಲ್ಲಿ ಮನೆಗಾಡಿಗಳು ಸಾಲಾಗಿ ತಂಗುವ ಈ ಪಾರ್ಕಿಗೆ ಬಂದದ್ದು ಅಂಥದೊಂದು ಗಾಡಿ, ಬಸ್ಸಿನಷ್ಟು ದೊಡ್ಡ ಓಡುವ ಮನೆ, ಕೊಳ್ಳಲು. ಅರವತ್ತೇಳನೇ ವಯಸ್ಸಿನಲ್ಲಿ ಗುರುತಿಲ್ಲದವರ ಮುಂದೆ ನಗೆಪಾಟಲಾಗಲು ಅಲ್ಲ.

ಗಾಡಿಯೇನೋ ಅರಮನೆಯೇ. ಹನ್ನೆರಡು ವರ್ಷ ಹಳೆಯದು, ಆದರೂ ಚರ್ಮದ ಸೋಫಾ, ಬಟ್ಟೆ ತೊಳೆಯುವ ಯಂತ್ರ, ಗುಂಡಿ ಒತ್ತಿದರೆ ಹೊರಕ್ಕೆ ಸರಿದು ಕೋಣೆ ಅಗಲಿಸುವ ಗೋಡೆಗಳು. ಆರು ವಾರದಲ್ಲಿ ಆರ್ಲೊ ಮತ್ತು ಅವನ ಹೆಂಡತಿ ನೆಡ್ರಾ ಹನ್ನೊಂದು ಗಾಡಿ ನೋಡಿ ಬಿಟ್ಟಿದ್ದರು. ಒಂದರ ಚಾವಣಿ ಸೋರುತ್ತಿತ್ತು. ಇನ್ನೊಂದರ ಗೋಡೆ ಒತ್ತಿದರೆ ಬೆರಳೇ ಒಳಗಿಳಿಯುತ್ತಿತ್ತು. ಇದು ಹನ್ನೆರಡನೆಯದು, ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಹೂಂ ಎಂದದ್ದು. ಊರಿನ ಮನೆ ಆಗಲೇ ಮಾರಿಯಾಗಿತ್ತು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಇದು ಕೈತಪ್ಪಿದರೆ ತಲೆಯ ಮೇಲೆ ಸೂರಿಲ್ಲ.

ಫೋನಿನಲ್ಲೇ ಬೆಲೆ ಕುದುರಿತ್ತು. ಗಾರ್ತ್ ಐದು ಸಾವಿರ ಡಾಲರ್ ಮುಂಗಡ ಜೇಬಿಗಿಳಿಸಿದ್ದ. ನಿನ್ನೆ ಕೆನಡಾದವನೊಬ್ಬ ಇನ್ನೂ ಹತ್ತು ಸಾವಿರ ಹೆಚ್ಚು ಕೊಡುತ್ತೇನೆಂದ. ಅಷ್ಟಕ್ಕೇ ಗಾರ್ತ್‌ನ ನಾಲಿಗೆ ಹೊರಳಿತು. ಆದರೆ ಕೊಟ್ಟ ಮಾತಿಗೆ ತಪ್ಪಿದವನು ಎಂದು ನೆರೆಯವರ ಬಾಯಿಗೆ ಬೀಳಬಾರದಲ್ಲ? ಅದಕ್ಕೇ ಸೋಲಲಿ ಎಂದು ಬಂದವರಿಗೊಂದು ಪರೀಕ್ಷೆ ಇಟ್ಟ.

"ನೋಡಿ, ಒಂಬತ್ತು ವರ್ಷ ಮಗು ಥರ ಸಾಕಿದೀನಿ. ಕಂಡ ಕಂಡವರ ಕೈಗೆ ಕೊಡಲ್ಲ. ಹೊರಗೆ ತೆಗೀರಿ, ಪಾರ್ಕಿಗೆ ಒಂದು ಸುತ್ತು ಹಾಕಿ, ಇದೇ ಜಾಗಕ್ಕೆ ರಿವರ್ಸ್‌ನಲ್ಲಿ ತಂದು ನಿಲ್ಲಿಸಿ. ಒಂದೇ ಏಟಿಗೆ. ನಿಂತ್ರೆ ಹೇಳಿದ ಬೆಲೆಗೇ ಗಾಡಿ ನಿಮ್ದು. ಇಲ್ಲಾಂದ್ರೆ ಮುಂಗಡಾನೂ ಮರೀರಿ, ಗಾಡೀನೂ ಮರೀರಿ."

ಆರ್ಲೊ ಜಾಗ ನೋಡಿದ. ಎಡಕ್ಕೆ ಆಳೆತ್ತರದ ಮುಳ್ಳುಕಳ್ಳಿ, ಅದು ಮುರಿದರೆ ಸರ್ಕಾರ ದಂಡ ಹಾಕುತ್ತದೆ. ಬಲಕ್ಕೆ ಪಕ್ಕದವರ ಹೊಚ್ಚಹೊಸ ಗಾಡಿ. ನಡುವೆ ಆಚೆ ಒಂದು ಮೊಳ, ಈಚೆ ಒಂದು ಮೊಳ.

"ನೀವು ಒಳಗೆ ಬರಲ್ವಾ?"

"ನಾನಾ? ಸರ್ಕಸ್ಸನ್ನ ಯಾರಾದ್ರೂ ಒಳಗೆ ಕೂತು ನೋಡ್ತಾರಾ? ನನ್ನ ಕುರ್ಚಿ ಇಲ್ಲೇ ಇದೆ."

ಇಂಥ ಪಾರ್ಕುಗಳಲ್ಲಿ ಇದಕ್ಕಿಂತ ದೊಡ್ಡ ಮನರಂಜನೆಯಿಲ್ಲ. ಹೊಸಬ ಬಂದನೆಂದರೆ ಸಾಕು, ಕುರ್ಚಿಗಳು ಸಾಲಾಗುತ್ತವೆ. ಗಂಡ ಸ್ಟೀರಿಂಗ್ ಹಿಡಿಯುತ್ತಾನೆ. ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಅವಳು ಎಡ ಎಂದರೆ ಅವನು ಬಲಕ್ಕೆ ತಿರುಗಿಸುತ್ತಾನೆ, ಎಲ್ಲೋ ಒಂದು ಕಡೆ ಟಪ್ಪೆನ್ನುತ್ತದೆ, ಸಂಜೆಯವರೆಗೆ ಇಬ್ಬರಿಗೂ ಮಾತಿಲ್ಲ. ಜೀವಮಾನವಿಡೀ ದುಡಿದು ಬಂದ ಜನ ಇದನ್ನು ನೋಡಿ ಹಲ್ಲು ಕಿಸಿಯುತ್ತಾರೆ, ತಾವೂ ಹಿಂದೊಮ್ಮೆ ಹೀಗೇ ಟಪ್ಪೆನಿಸಿದ್ದು ಮರೆತು.

ಗಾರ್ತ್‌ನ ಹೆಂಡತಿ ಬೆವ್ ಗಾಡಿಯ ಮೆಟ್ಟಿಲಿಳಿದು ಬಂದಳು. ಅಡುಗೆಮನೆ ತೋರಿಸುತ್ತೇನೆಂದು ನೆಡ್ರಾಳನ್ನು ಕರೆದೊಯ್ದವಳು ಈಗ ಒಬ್ಬಳೇ ಬಂದಿದ್ದಳು.

"ಏನೇ, ಅವಳೆಲ್ಲಿ?"

"ಒಳಗೇ ಇದಾಳೆ ಕಣ್ರೀ. ಬಾಯೇ ಬಿಡಲ್ಲ, ಪಾಪ."

"ಹಂಗಾದ್ರೆ ಹಿಂದೆ ನಿಂತು ಕೈ ಬೀಸೋರು ಯಾರಪ್ಪಾ?" ಕೊನೆಯ ಕುರ್ಚಿಯ ಮುದುಕ ಕೇಳಿದ.

"ಇವನ ಹಿಂದೆ ಯಾರು ನಿಲ್ತಾರೆ? ಅವಳಿಗೂ ಜೀವದ ಆಸೆ ಇರಲ್ವಾ!" ಎಂದ ಗಾರ್ತ್. ಮತ್ತೊಂದು ಸುತ್ತು ನಗು.

"ಯಾರೂ ಬೇಡ," ಎಂದಷ್ಟೇ ಹೇಳಿ ಆರ್ಲೊ ಹತ್ತಿದ. ಬಾಗಿಲು ಮುಚ್ಚಿತು.

ಬೆಳಗಿನ ಬಿಸಿಲು ಎದುರಿನ ಅಗಲ ಗಾಜಿಗೆ ಹೊಡೆದು ಥಳಥಳಿಸುತ್ತಿತ್ತು. ಹೊರಗಿನವರಿಗೆ ಅದರಲ್ಲಿ ಕಂಡದ್ದು ತಮ್ಮದೇ ಕುರ್ಚಿಗಳು. ಇಂಜಿನ್ ಗುಡುಗಿತು. ಬ್ರೇಕಿನ ಗಾಳಿ ಬುಸ್ಸೆಂದು ಹೊರಬಿತ್ತು. ಒಳಗೆ ಆರ್ಲೊ ಎರಡೂ ಕೈ ಬಿಗಿಹಿಡಿದು ಕೂತ.

ಗಾಡಿ ನೀರಿನ ಮೇಲಿನ ದೋಣಿಯಂತೆ ಹೊರಗೆ ಸರಿಯಿತು. ಪಾರ್ಕಿಗೆ ಒಂದು ಸುತ್ತು ಬಂತು. ಜಾಗದ ಮುಂದೆ ಒಂದು ಗಳಿಗೆ ನಿಂತು, ಬೀಪ್ ಬೀಪ್ ಎನ್ನುತ್ತ ಹಿಂದಕ್ಕೆ ಹೊರಟಿತು.

"ಎಡಕ್ಕೆ! ಎಡಕ್ಕೆ ಕಣೋ!"

"ಹೋಯ್ತು, ಕಳ್ಳಿ ಹೋಯ್ತು!"

"ಬೆವ್, ಆ ಕೆನಡಾದವನ ನಂಬರ್ ತಾರೇ!"

ಕಳ್ಳಿಯ ಮುಳ್ಳುಗಳು ಕಿಟಕಿಯಾಚೆ ಎಣಿಸುವಷ್ಟು ಹತ್ತಿರ ಸರಿದವು. ಆರ್ಲೊ ಕಣ್ಣು ಮುಚ್ಚಿಬಿಟ್ಟ. ಗಾಡಿಯ ಹಿಂಭಾಗ ಸಾವಕಾಶ ತಿರುಗಿತು, ಮುಂಭಾಗ ಅದರ ಹಿಂದೆಯೇ ನೆಟ್ಟಗಾಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ತಡವರಿಸಲಿಲ್ಲ. ನಿಂತಾಗ ಆಚೆ ಒಂದು ಮೊಳ, ಈಚೆ ಒಂದು ಮೊಳ. ಟೇಪು ಹಿಡಿದು ಅಳೆದಂತೆ.

ಕೊನೆಯ ಕುರ್ಚಿಯ ಮುದುಕ ಎದ್ದು ಚಪ್ಪಾಳೆ ತಟ್ಟಿದ. ಹದಿಮೂರು ಮಂದಿ ಸೇರಿಕೊಂಡರು. ಗಾರ್ತ್ ಮಾತ್ರ ಕಾಫಿ ಲೋಟ ಹಿಡಿದು ಕಳ್ಳಿಯ ಹಾಗೆ ನಿಂತಿದ್ದ.

ಬಾಗಿಲು ತೆರೆಯಿತು. ಆರ್ಲೊ ಇಳಿದ. ಮುಖ ಹಿಟ್ಟಿನಂತೆ ಬೆಳ್ಳಗಾಗಿತ್ತು.

"ಯಜಮಾನ್ರೆ, ತಪ್ಪಾಯ್ತು," ಗಾರ್ತ್ ಅಡ್ಡ ಬಂದ. "ಇಂಥ ಕೈ ನಾನು ನೋಡೇ ಇಲ್ಲ. ನಿಜ ಹೇಳಿ, ಎಲ್ಲಿ ಕಲಿತ್ರಿ?"

ಆರ್ಲೊ ಅವನನ್ನು ನೋಡಿದ. ಕುರ್ಚಿಗಳ ನಡುವೆ ಹಾದು, ಶೌಚಾಲಯದ ಕಡೆಗೆ ಬಿರಬಿರನೆ ನಡೆದುಬಿಟ್ಟ.

"ಅವರನ್ನೇನು ಕೇಳ್ತೀರಿ, ಅವರಿಗೆ ಲೈಸೆನ್ಸೇ ಇಲ್ಲ," ಎನ್ನುತ್ತ ಚಾಲಕನ ಸೀಟಿನಿಂದ ಎದ್ದು ಬಂದಳು ನೆಡ್ರಾ, ಇಪ್ಪತ್ತೊಂಬತ್ತು ವರ್ಷ ಮೊಂಟಾನಾದ ಹಿಮದ ಘಾಟಿಗಳಲ್ಲಿ ಮರದ ದಿಮ್ಮಿಯ ಲಾರಿ ಓಡಿಸಿದವಳು. "ಕಾಗದ ತನ್ನಿ, ಗಾಡಿ ನನ್ನ ಹೆಸರಿಗೆ."