ಪೆಟ್ರೋಲ್ ಬಂಕಿನ ಬ್ರೇಕು

ಪೆಟ್ರೋಲ್ ಬಂಕ್ ಕಂಡದ್ದೇ ತಡ, ಡ್ರೈವರ್ ಗಾರ್ಮೆಂಟ್ಸ್ ವ್ಯಾನಿಗೆ ಬ್ರೇಕ್ ಒತ್ತಿದ. ಟೈಲರಕ್ಕ ಟಾಯ್ಲೆಟ್ಟಿಗೆ ಹೋಗಿಬರಲೆಂದು ದಿನಾ ಇಲ್ಲಿ ನಿಲ್ಲಿಸುವುದು ಅವನ ಕಾಲಿಗೇ ಬಾಯಿಪಾಠವಾಗಿತ್ತು. ಹೆಂಗಸರೆಲ್ಲ ಮೊಣಕಾಲು ಸರಿಸಿ ದಾರಿ ಬಿಟ್ಟರು. ಆದರೆ ಅಕ್ಕ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದಳು.

"ಏಳಕ್ಕಾ, ನಿನ್ ಅರಮನೆ ಬಂತು!" ಪಕ್ಕದವಳು ತಿವಿದಳು.

ಅಕ್ಕ ಬೆಚ್ಚಿ, ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆ ಹಾಳು ಒತ್ತಡ ಇರಲೇ ಇಲ್ಲ! ಬಟ್ಟೆ ಒದ್ದೆಯಾದೀತೆಂಬ ಭಯಕ್ಕೆ ಕೆಲಸವನ್ನೇ ಬಿಡಲು ಹೊರಟಿದ್ದವಳು ಅವಳು. "ಮುಟ್ಟು ನಿಂತ್ಮೇಲೆ ಯೋನಿ ಒಣಗುತ್ತೆ, ಅಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಕಮ್ಮಿಯಾಗುತ್ತೆ, ಮೂತ್ರಕೋಶ ಸಿಡುಕೋಕೆ ಶುರು ಮಾಡುತ್ತೆ. ನಾಚಿಕೆ ಬಿಟ್ಟು ಒಳಗೆ ಹಚ್ಕೊಳ್ರೀ," ಎಂದು ಡಾಕ್ಟರಮ್ಮ ಈಸ್ಟ್ರೊಜೆನ್ ಕ್ರೀಮ್ ಬರೆದುಕೊಟ್ಟಿದ್ದರು. ಕೆಲವು ವಾರಗಳಿಂದ ತಪ್ಪದೆ ಹಚ್ಚಿಕೊಳ್ಳುತ್ತಿದ್ದಳು, ಅರೆನಂಬಿಕೆಯಲ್ಲೇ.

"ಯಾಕಪ್ಪಾ ನಿಲ್ಸಿದೆ? ನಂಗೇನೂ ಅರ್ಜೆಂಟಿಲ್ಲ, ನಡಿ!" ಎಂದಳು ಮಹಾರಾಣಿಯ ಗತ್ತಿನಲ್ಲಿ. ವ್ಯಾನಿಗೆ ವ್ಯಾನೇ ಚಪ್ಪಾಳೆ ತಟ್ಟಿತು.

ಡ್ರೈವರ್ ಮಾತ್ರ ಬಾಗಿಲು ತೆಗೆದು ಕೆಳಗೆ ಹಾರಿದ. "ನಿಂಗಿಲ್ದಿದ್ರೇನಕ್ಕಾ? ಇಷ್ಟು ದಿನ ನಿನ್ ಹೆಸ್ರಲ್ಲಿ ನಾನೂ ಹೋಗಿ ಬರ್ತಿದ್ದೆ!" ಎನ್ನುತ್ತ ಓಡಿದ.

ದಿನಾ ತನ್ನ ಬೆನ್ನಿಗೆ ಬೀಳುತ್ತಿದ್ದ ಮಾತನ್ನು ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, ನಗು ತಡೆಯಲಾರದೆ ಕೂಗಿದಳು: "ಬೇಗ ಬಾರೋ, ನಿನ್ನಿಂದ ಎಲ್ರಿಗೂ ಲೇಟು!"